ಗುಂಡುಗಳ ತೆರೆ

ನಮ್ಮ ಹಳೆಯ ಕಾವ್ಯಗಳ ಯುದ್ಧವರ್ಣನೆಯನ್ನು ಓದಿದವರಿಗೆ ಶರವರ್ಷವೆಂಬ ಮಾತು ಹೊಸದಲ್ಲ. ವೀರನೊಬ್ಬ ಬಿಲ್ಲನ್ನು ಎತ್ತಿದನೆಂದರೆ ಸಾಕು. ಬಾಣಗಳು ಮುಗಿಲಿನಂತೆ ಕವಿಯುತ್ತವೆ, ಹಗಲು ಕತ್ತಲಾಗುತ್ತದೆ, ದಿಕ್ಕುಗಳು ಕಾಣದಾಗುತ್ತವೆ. ಓದುವ ನಾವಾದರೋ ಯಾವಾಗಲೂ ಬಾಣ ಬಿಡುವವನ ಪಕ್ಕದಲ್ಲಿ ನಿಂತು ಭಲೆ ಎನ್ನುತ್ತೇವೆ. ಆ ಮಳೆಯ ಕೆಳಗೆ ಸಿಕ್ಕಿಕೊಂಡ ಕಾಲಾಳಿನ ಗತಿ ಏನಾಯಿತು, ಎರಡು ಬಾಣಗಳ ನಡುವಣ ಸಂದಿನಲ್ಲಿ ನುಸುಳಿ ಅವನು ಬದುಕಿಕೊಂಡನೆ ಎಂಬ ಪ್ರಶ್ನೆಯನ್ನು ಕವಿಯೂ ಎತ್ತುವುದಿಲ್ಲ, ನಾವೂ ಎತ್ತುವುದಿಲ್ಲ. ಆ ಒಂದು ಪ್ರಶ್ನೆಯನ್ನೇ ಹಿಡಿದು ಇಡೀ ಒಂದು ಆಟದ ಪ್ರಕಾರವನ್ನು ಕಟ್ಟಿದವರು ಜಪಾನೀಯರು.

ಕಂಪ್ಯೂಟರಿನ ಮುಂದೆ ಕುಳಿತು ಆಡುವ ಈ ಆಟಕ್ಕೆ ಅವರು ಇಟ್ಟ ಹೆಸರು ‘ದನ್ಮಾಕು’. ಗುಂಡುಗಳ ತೆರೆ ಎಂದು ಅದರ ಅರ್ಥ. ಇಂಗ್ಲಿಷಿನವರು ‘ಬುಲೆಟ್ ಹೆಲ್’, ಎಂದರೆ ಗುಂಡಿನ ನರಕವೆಂದು ಕರೆದರು. ಎರಡರಲ್ಲಿ ಜಪಾನೀಯರ ಹೆಸರೇ ಲೇಸು. ಕನ್ನಡದ ‘ತೆರೆ’ಗೆ ಪರದೆ ಎಂಬ ಅರ್ಥವೂ ಉಂಟು, ಅಲೆ ಎಂಬ ಅರ್ಥವೂ ಉಂಟು. ಈ ಆಟದಲ್ಲಿ ಗುಂಡುಗಳು ಪರದೆಯಂತೆ ಇಳಿಬೀಳುತ್ತವೆ. ಅಲೆಯಂತೆ ಬಂದು ಬಂದು ಅಪ್ಪಳಿಸುತ್ತವೆ. ಆಡುವ ಮಗನ ಬೆನ್ನ ಹಿಂದೆ ಕಾಫಿಯ ಲೋಟ ಹಿಡಿದು ನಿಂತ ತಾಯಿಗೆ ಮಾತ್ರ ಅಲ್ಲಿ ಕಾಣುವುದು ಬಣ್ಣಬಣ್ಣದ ಗದ್ದಲ. ಆ ಗದ್ದಲದೊಳಗೆ ಏನಿದೆ, ಏನಿಲ್ಲ ಎಂಬುದನ್ನು ವಿಚಾರಿಸುವುದು ಈ ವಾರದ ಉದ್ದೇಶ.

ಈ ವಂಶದ ಮೂಲಪುರುಷನೆನ್ನಬೇಕಾದ ಆಟ 1978ರ ‘ಸ್ಪೇಸ್ ಇನ್‌ವೇಡರ್ಸ್’. ಟೈಟೊ ಎಂಬ ಕಂಪನಿಗಾಗಿ ತೊಮೊಹಿರೊ ನಿಶಿಕಾದೊ ರಚಿಸಿದ ಆ ಆಟದಲ್ಲಿ ಮೇಲಿನಿಂದ ಸಾಲುಸಾಲಾಗಿ ಇಳಿದುಬರುವ ಶತ್ರುಗಳು, ಕೆಳಗೆ ಒಂಟಿ ಫಿರಂಗಿ. ಶತ್ರುಗಳ ಸಂಖ್ಯೆ ಇಳಿದಂತೆ ಉಳಿದವರ ವೇಗ ಏರುತ್ತಿತ್ತು. ವಸ್ತುತಃ ಇದು ಆ ಕಾಲದ ಯಂತ್ರದ ಬಡತನದಿಂದ ಹುಟ್ಟಿದ ಗುಣ. ಚಿತ್ರಿಸಬೇಕಾದ ಆಕೃತಿಗಳು ಕಡಿಮೆಯಾದಂತೆ ಯಂತ್ರದ ಹೊರೆ ಇಳಿದು ಕೆಲಸ ಚುರುಕಾಗುತ್ತಿತ್ತು. ಕೊರತೆಯೇ ಸೊಗಸಾಗಿ ಪರಿಣಮಿಸಿದ ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು; ಮುಂದೆ ಬೇಕಾಗುತ್ತದೆ. 1993ರಲ್ಲಿ ತೋಪ್ಲಾನ್ ಕಂಪನಿಯ ‘ಬಾತ್ಸುಗುನ್’ ಬಂದಾಗ ಗುಂಡುಗಳ ಸಂಖ್ಯೆ ವಿಪರೀತವಾಗಿ ಏರಿತು. ಮರುವರ್ಷವೇ ಆ ಕಂಪನಿ ದಿವಾಳಿಯಾಯಿತು. ಅಲ್ಲಿದ್ದ ಕೆಲವರು ‘ಕೇವ್’ ಎಂಬ ಹೊಸ ಸಂಸ್ಥೆಯನ್ನು ಕಟ್ಟಿ, 1995ರಲ್ಲಿ ‘ದೊನ್‌ಪಾಚಿ’, 1997ರಲ್ಲಿ ‘ದೊದೊನ್‌ಪಾಚಿ’ ಎಂಬ ಆಟಗಳನ್ನು ಹೊರತಂದು ಈ ಪ್ರಕಾರಕ್ಕೆ ಸ್ಥಿರವಾದ ರೂಪವನ್ನು ಕೊಟ್ಟರು. ಇವೆಲ್ಲ ನಾಣ್ಯ ಹಾಕಿ ಆಡುವ ಅಂಗಡಿಗಳ ಆಟಗಳು.

ಅವನ್ನು ಮನೆಯ ಕಂಪ್ಯೂಟರಿಗೆ, ಅದಕ್ಕಿಂತ ಹೆಚ್ಚಾಗಿ ಒಬ್ಬ ವ್ಯಕ್ತಿಯ ಕೈಕೆಲಸದ ಮಟ್ಟಕ್ಕೆ ತಂದವನು ಓತಾ ಜುನ್ಯಾ. ಜ಼ುನ್ ಎಂಬುದು ಅವನ ಅಂಕಿತ. 1977ರಲ್ಲಿ ನಾಗಾನೊ ಪ್ರಾಂತದಲ್ಲಿ ಹುಟ್ಟಿ, ಟೋಕಿಯೋದ ದೆಂಕಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗಲೇ ಆಟಗಳನ್ನು ರಚಿಸತೊಡಗಿದ ಈತನ ಮೂಲ ಹಂಬಲ ಸಂಗೀತ. ತಾನು ಕಟ್ಟಿದ ರಾಗಗಳನ್ನು ಜನ ಕೇಳಬೇಕು, ಅದಕ್ಕೊಂದು ನೆಪ ಬೇಕು. ಆ ನೆಪವೇ ಆಟ. ಓದು ಮುಗಿದ ಮೇಲೆ ಅವನು ನೌಕರಿಗೆ ಸೇರಿದ್ದು ‘ಸ್ಪೇಸ್ ಇನ್‌ವೇಡರ್ಸ್’ ಹುಟ್ಟಿದ ಟೈಟೊ ಕಂಪನಿಯಲ್ಲೇ. ನೌಕರಿ ಒಂದು ಕಡೆ. ಬಿಡುವಿನ ವೇಳೆಯಲ್ಲಿ ತನ್ನದೇ ಆಟ ಇನ್ನೊಂದು ಕಡೆ. ಯಂತ್ರಕ್ಕೆ ಸೂಚನೆ ಬರೆಯುವವನು ಅವನೇ, ಚಿತ್ರ ಬಿಡಿಸುವವನು ಅವನೇ, ಕಥೆ ಹೆಣೆಯುವವನು ಅವನೇ, ಸಂಗೀತ ಕೂಡಿಸುವವನೂ ಅವನೇ. ‘ಶಾಂಘೈ ಆಲಿಸ್’ ಎಂಬ ಹೆಸರಿನ ಅವನ ತಂಡದಲ್ಲಿ ಇರುವ ಸದಸ್ಯ ಒಬ್ಬನೇ! ಹೀಗೆ ರೂಪುಗೊಂಡ ‘ತೋಹೊ’ ಮಾಲೆಯ ಆರನೆಯ ಆಟ ‘ಕೋಮಾಕ್ಯೊ’ 2002ರ ಆಗಸ್ಟಿನಲ್ಲಿ ಟೋಕಿಯೋದ ‘ಕೊಮಿಕೆಟ್’ ಮೇಳದಲ್ಲಿ ಮಾರಾಟಕ್ಕೆ ಬಂದಿತು. ಹವ್ಯಾಸಿಗಳು ತಾವೇ ಅಚ್ಚು ಹಾಕಿಸಿದ ಪುಸ್ತಕಗಳನ್ನು ಮೇಜಿನ ಮೇಲೆ ಹರಡಿ ಮಾರುವ ಈ ಮೇಳ 1975ರಲ್ಲಿ ಆರಂಭವಾದದ್ದು. ನಾನು ಇಲ್ಲಿ ಮುಖ್ಯವಾಗಿ ಪರಾಮರ್ಶಿಸುವುದು ಈ ‘ಕೋಮಾಕ್ಯೊ’ವನ್ನೇ.

ಕಥೆ ಸರಳ. ಗೆನ್ಸೋಕ್ಯೊ ಎಂಬ ಮಾಯಾನಾಡಿನಲ್ಲಿ ಬೇಸಗೆಯ ಒಂದು ದಿನ ಕೆಂಪು ಮಂಜು ಕವಿಯುತ್ತದೆ. ಬಿಸಿಲು ಸಹಿಸದ ರೆಮಿಲಿಯಾ ಎಂಬ ರಕ್ತಪಿಶಾಚಿ ಹಗಲಿನಲ್ಲೂ ತಿರುಗಾಡುವ ಆಸೆಯಿಂದ ಮಾಡಿದ ಕೆಲಸ ಅದು. ಗುಡಿಯ ಪರಿಚಾರಿಕೆ ರೇಮು ಅಥವಾ ಮಾಟಗಾತಿ ಮರಿಸಾ, ಇಬ್ಬರಲ್ಲಿ ಒಬ್ಬಳಾಗಿ ನಾವು ಹೊರಡುತ್ತೇವೆ. ಆರು ಘಟ್ಟಗಳು, ಪ್ರತಿ ಘಟ್ಟದ ತುದಿಯಲ್ಲೂ ಒಬ್ಬ ಎದುರಾಳಿ. ಆಡಲು ಬಲ್ಲವನಿಗೆ ಅರ್ಧ ಗಂಟೆಯ ಸುಮಾರಿನಲ್ಲಿ ಎಲ್ಲವೂ ಮುಗಿಯುತ್ತದೆ. ಬಲ್ಲವನಾಗುವುದಕ್ಕೆ ತಿಂಗಳುಗಳು ಬೇಕು.

ಹಾಗಾದರೆ ಆಕರ್ಷಣೆ ಎಲ್ಲಿದೆ? ಮೊದಲನೆಯದು, ಅಳತೆಯ ಒಂದು ಗುಟ್ಟು. ತೆರೆಯ ಮೇಲೆ ರೇಮುವಿನ ಆಕೃತಿ ದೊಡ್ಡದಾಗಿಯೇ ಕಂಡರೂ ಗುಂಡು ತಗಲಿ ಸಾಯುವ ಜಾಗ ಅವಳ ಎದೆಯ ನಡುವೆ ಸಾಸಿವೆಯಷ್ಟು ಮಾತ್ರ. ಗುಂಡು ಅವಳ ಸೆರಗನ್ನು, ತೋಳನ್ನು ಸವರಿಕೊಂಡು ಹೋದರೂ ಪ್ರಾಣಕ್ಕೆ ಅಪಾಯವಿಲ್ಲ. ಜೊತೆಗೆ, ಒಂದು ಕೀಲಿಯನ್ನು ಒತ್ತಿ ಹಿಡಿದರೆ ಅವಳ ನಡೆ ನಿಧಾನವಾಗುತ್ತದೆ. ಕೂದಲೆಳೆಯಷ್ಟು ಅತ್ತ, ಕೂದಲೆಳೆಯಷ್ಟು ಇತ್ತ ಸರಿಯಬಹುದು. ಮೊದಲ ನೋಟಕ್ಕೆ ಗೋಡೆಯಂತೆ ತೋರಿದ್ದು ಎರಡನೆಯ ದಿನ ಜಾಲರಿಯಂತೆ ತೋರುತ್ತದೆ, ವಾರ ಕಳೆದ ಮೇಲೆ ಬೀದಿಯಂತೆ ತೋರುತ್ತದೆ. ಗುಂಡುಗಳು ಬದಲಾಗಲಿಲ್ಲ, ನೋಡುವ ಕಣ್ಣು ಬದಲಾಯಿತು. ಗುಂಡನ್ನು ನೋಡುವುದನ್ನು ಬಿಟ್ಟು ಗುಂಡುಗಳ ನಡುವಣ ಬಯಲನ್ನು ನೋಡಲು ಕಲಿಯುವುದೇ ಈ ಆಟದ ವಿದ್ಯೆ. ಸಾಲದುದಕ್ಕೆ, ಗುಂಡಿನ ಪಕ್ಕದಲ್ಲೇ ಉಜ್ಜಿಕೊಂಡು ಹೋದವನಿಗೆ ಹೆಚ್ಚಿನ ಅಂಕ ದೊರೆಯುತ್ತದೆ. ಓಡಿಹೋಗುವವನಿಗಿಂತ ಅಪಾಯದ ಹತ್ತಿರ ಧೈರ್ಯವಾಗಿ ನಿಂತವನಿಗೆ ಇಲ್ಲಿ ಮನ್ನಣೆ.

ಎರಡನೆಯದು ವಿನ್ಯಾಸ. ಪ್ರತಿಯೊಬ್ಬ ಎದುರಾಳಿಯ ಅಸ್ತ್ರಕ್ಕೂ ಹೆಸರುಂಟು, ರೂಪವುಂಟು, ಗೊತ್ತಾದ ಅವಧಿಯುಂಟು. ಕೆಲವು ಗುಂಡುಗಳು ಹೂವಿನ ದಳದಂತೆ ಬಿರಿಯುತ್ತವೆ, ಕೆಲವು ಸುರುಳಿ ಸುತ್ತುತ್ತವೆ, ಕೆಲವು ಅಂಗಳದ ರಂಗೋಲಿ ಎದ್ದು ಬಂದಂತೆ ಹರಡುತ್ತವೆ. ಅದಕ್ಕೂ ಮಿಗಿಲಾಗಿ ಅಸ್ತ್ರವೇ ಪಾತ್ರದ ಸ್ವಭಾವವನ್ನು ಹೇಳುತ್ತದೆ. ಕಾಲವನ್ನು ನಿಲ್ಲಿಸಬಲ್ಲ ಸಕುಯಾ ಎಂಬ ಮನೆಗೆಲಸದವಳು ಚೂರಿಗಳನ್ನು ಎಸೆಯುತ್ತಾಳೆ. ಲೋಕವೆಲ್ಲ ಒಂದು ಕ್ಷಣ ಸ್ತಬ್ಧವಾಗುತ್ತದೆ. ಮತ್ತೆ ಚಲನೆ ಬಂದಾಗ ಇಲ್ಲದಿದ್ದ ಚೂರಿಗಳು ಸುತ್ತಲೂ ನಿಂತಿರುತ್ತವೆ. ಹಿಮದ ಕಿನ್ನರಿ ಚಿರುನೊ ಪೆದ್ದಿ ಎಂದು ಅಭಿಮಾನಿಗಳಲ್ಲಿ ಪ್ರಸಿದ್ಧಿ. ಸುಲಭ ದರ್ಜೆಯಲ್ಲಿ ಅವಳು ಎರಡೂ ಪಕ್ಕಗಳಿಂದ ಮಂಜಿನ ಚೂರುಗಳನ್ನು ಸುರಿಸುವ ಒಂದು ಅಸ್ತ್ರವನ್ನು ಪ್ರಯೋಗಿಸುತ್ತಾಳೆ. ಆಗ ಅವಳ ಮೂಗಿನ ನೇರಕ್ಕೆ ಹೋಗಿ ನಿಂತರೆ ಒಂದು ಚೂರೂ ತಗಲುವುದಿಲ್ಲ! ಹೆದರಿ ಹಿಂದೆ ಸರಿದವನಿಗೆ ಕಷ್ಟ, ಎದುರಿಗೇ ಹೋದವನಿಗೆ ಸುಖ. ಒಂದು ಮಾತನ್ನೂ ಆಡಿಸದೆ ಪಾತ್ರವನ್ನು ನಗೆಗೀಡುಮಾಡುವ ಈ ಕೌಶಲವನ್ನು ಸಾಹಿತ್ಯದ ಅಧ್ಯಾಪಕನಾದ ನಾನು ಮೆಚ್ಚದಿರಲಾರೆ.

ಮೂರನೆಯದು ಸಂಗೀತ. ಇಲ್ಲಿ ಅದು ಹಿನ್ನೆಲೆಯ ಅಲಂಕಾರವಲ್ಲ. ರಚಿಸಿದವನ ಮೂಲೋದ್ದೇಶವೇ ಅದಾದ್ದರಿಂದ ಒಂದೊಂದು ಘಟ್ಟಕ್ಕೂ, ಒಬ್ಬೊಬ್ಬ ಎದುರಾಳಿಗೂ ಬೇರೆ ಬೇರೆ ರಾಗ. ನೂರು ಬಾರಿ ಸೋತರೂ ಬೇಸರ ಬಾರದಿರುವುದಕ್ಕೆ ಅರ್ಧ ಕಾರಣ ಈ ಸಂಗೀತ.

ಇನ್ನು ದೋಷಗಳು. ಚಿತ್ರಗಳು ದುರ್ಬಲ, ಮುಖಗಳು ಒಂದೇ ಅಚ್ಚಿನವು, ಕೈಬೆರಳುಗಳಂತೂ ಸಂಕಟ ಹುಟ್ಟಿಸುತ್ತವೆ. ಸಂಭಾಷಣೆ ಚುಟುಕು; ಎದುರಾಳಿ ಬಂದಳು, ನಾಲ್ಕು ಕುಚೋದ್ಯದ ಮಾತಾಡಿದಳು, ಕಾದಿದಳು, ಹೋದಳು. ಆಟದ ಮಾತೆಲ್ಲ ಜಪಾನೀ ಭಾಷೆಯಲ್ಲಿರುವುದರಿಂದ ಹೊರನಾಡಿನವರು ಅಭಿಮಾನಿಗಳ ಅನುವಾದವನ್ನೇ ನೆಚ್ಚಬೇಕು. ಪ್ರಾಣವಿರುವ ಸಾಸಿವೆಯಷ್ಟು ಜಾಗವೆಂದೆನಲ್ಲ, 2002ರ ಈ ಆಟದಲ್ಲಿ ಅದು ಕಣ್ಣಿಗೆ ಕಾಣುವುದೇ ಇಲ್ಲ, ಊಹಿಸಿಕೊಳ್ಳಬೇಕು. ಮರುವರ್ಷದ ಆಟದಲ್ಲಿ ಜ಼ುನ್ ಅದನ್ನು ಚುಕ್ಕೆಯಾಗಿ ತೋರಿಸಿ ಸರಿಪಡಿಸಿದ. ಇನ್ನು ಕೆಲವು ಕಡೆ ಕಣ್ಣಿನ ಚುರುಕಾಗಲಿ ಕೈಯ ಹದವಾಗಲಿ ಸಾಲದು. ಯಾವ ಮೂಲೆಯಿಂದ ಯಾವ ಕ್ಷಣದಲ್ಲಿ ಏನು ಬರುವುದೆಂದು ಬಾಯಿಪಾಠ ಮಾಡಿಕೊಂಡವನಿಗೇ ದಾರಿ. ಬಾಯಿಪಾಠವನ್ನು ಪ್ರತಿಭೆಯೆಂದು ಎಣಿಸುವ ರೋಗ ನಮ್ಮ ಪರೀಕ್ಷೆಗಳಿಗೆ ಮಾತ್ರ ಅಂಟಿದ್ದೆಂದು ತಿಳಿದವರಿಗೆ ಇದು ಸಮಾಧಾನ ತಂದೀತು.

ಇವೆಲ್ಲ ಕ್ಷಮಿಸತಕ್ಕ ಕೊರತೆಗಳು. ಕ್ಷಮಿಸಲಾಗದ್ದು ಒಂದುಂಟು. ಆಟದಲ್ಲಿ ನಾಲ್ಕು ದರ್ಜೆಗಳು: ಸುಲಭ, ಸಾಧಾರಣ, ಕಠಿಣ, ಮತ್ತು ಹುಚ್ಚು ಹಿಡಿಸುವಷ್ಟು ಕಠಿಣ. ಸುಲಭದ ದರ್ಜೆಯನ್ನು ಆರಿಸಿಕೊಂಡವನಿಗೆ ಆಟ ಐದನೆಯ ಘಟ್ಟದಲ್ಲೇ ಮುಗಿದುಹೋಗುತ್ತದೆ. ಯಾರನ್ನು ಹುಡುಕಿಕೊಂಡು ಹೊರಟನೋ ಆ ರೆಮಿಲಿಯಾಳ ಎದುರು ಅವನು ನಿಲ್ಲುವಂತೆಯೇ ಇಲ್ಲ. ಮೇಲಿನ ದರ್ಜೆಗಳಲ್ಲಿ ಕೂಡ, ಪ್ರಾಣಗಳು ಮುಗಿದ ಮೇಲೆ ಸಿಗುವ ಮರು ಅವಕಾಶವನ್ನು ಬಳಸಿ ಕೊನೆಮುಟ್ಟಿದವನಿಗೆ ಒಳ್ಳೆಯ ಮುಕ್ತಾಯ ದೊರೆಯುವುದಿಲ್ಲ.

ಇದನ್ನು ಸಮರ್ಥಿಸುವವರಿದ್ದಾರೆ. ಕಷ್ಟವೇ ಈ ಆಟದ ಜೀವ, ಕಷ್ಟಪಡದವನಿಗೆ ಫಲವೇಕೆ ಎನ್ನುತ್ತಾರೆ. ಕಷ್ಟದ ಬೆಲೆಯನ್ನು ನಾನು ಅಲ್ಲಗಳೆಯುವುದಿಲ್ಲ. ಹಳಗನ್ನಡವನ್ನು ಪಾಠ ಹೇಳುವವನು ಅಲ್ಲಗಳೆದರೆ ಅವನ ಅನ್ನಕ್ಕೇ ಸಂಚಕಾರ. ಆದರೆ ಹೊಸದಾಗಿ ಬಂದ ವಿದ್ಯಾರ್ಥಿಗೆ ಅರ್ಥಸಹಿತವಾದ ಪ್ರತಿಯನ್ನು ಕೊಡುವುದು ಒಂದು; ಆ ಪ್ರತಿಯಿಂದ ಕೊನೆಯ ಆಶ್ವಾಸವನ್ನು ಹರಿದಿಟ್ಟುಕೊಂಡು, ಅರ್ಥವಿಲ್ಲದೆ ಓದಬಲ್ಲವನಾದಾಗ ಬಾ ಎಂದು ಕಳುಹಿಸುವುದು ಇನ್ನೊಂದು. ಮೊದಲನೆಯದು ಮೆಟ್ಟಿಲು, ಎರಡನೆಯದು ಅಗುಳಿ. ‘ಸುಲಭ’ವನ್ನು ಆರಿಸಿಕೊಳ್ಳುವವರೆಲ್ಲ ಸೋಮಾರಿಗಳಲ್ಲ. ಕಣ್ಣು ಮಂದವಾದವರು, ಬೆರಳು ನಡುಗುವವರು, ದಿನದ ದುಡಿಮೆ ಮುಗಿಸಿ ಅರ್ಧ ಗಂಟೆ ಕುಳಿತವರು, ಎಂಟು ವರ್ಷದ ಮಕ್ಕಳು, ಎಲ್ಲರೂ ಅಲ್ಲಿರುತ್ತಾರೆ. ಕಡಿಮೆ ಗುಂಡುಗಳ ನಡುವೆ ಅವರು ಪಟ್ಟ ಪಾಡು ಅವರ ಮಟ್ಟಿಗೆ ಪೂರ್ಣವಾದ ಪಾಡೇ. ಕೊನೆಯ ಬಾಗಿಲನ್ನು ಅವರಿಗೂ ತೆರೆದಿಟ್ಟರೆ ಗಟ್ಟಿಗನ ಗೆಲವಿಗೆ ಯಾವ ಕುಂದೂ ಬರುವುದಿಲ್ಲ; ಅವನ ಅಂಕಗಳು ಅವನವೇ. ಜ಼ುನ್ ಮುಂದಿನ ಆಟಗಳಲ್ಲಿ ಈ ಕಟ್ಟನ್ನು ಸಡಿಲಿಸಿದ. 2015ರ ಒಂದು ಆಟದಲ್ಲಿ ಸೋತ ತುಣುಕಿನಿಂದಲೇ ಮತ್ತೆ ಮತ್ತೆ ಆರಂಭಿಸುವ ಕ್ರಮವನ್ನೂ ತಂದ. ಅದಕ್ಕೆ ಸರಿದೂಗುವಂತೆ ಗುಂಡುಗಳನ್ನೂ ದಟ್ಟವಾಗಿಸಿದನೆಂಬುದು ಬೇರೆ ಮಾತು.

ಮೇಲೆ ನೆನಪಿನಲ್ಲಿಡಬೇಕೆಂದ ಸಂಗತಿಗೆ ಈಗ ಬರೋಣ. ಚಿತ್ರ ದುರ್ಬಲ, ಕಥೆ ತೆಳು ಎಂದೆನಷ್ಟೆ. ಆ ಕೊರತೆಯೇ ಈ ಮಾಲೆಯ ಭಾಗ್ಯವಾಯಿತು. ತನ್ನ ಪಾತ್ರಗಳನ್ನು ಬಳಸಿ ಇತರರು ಚಿತ್ರ, ಕಥೆ, ಸಂಗೀತಗಳನ್ನು ರಚಿಸುವುದಕ್ಕೆ ಜ಼ುನ್ ಕೆಲವು ನಿಯಮಗಳೊಳಗೆ ಧಾರಾಳವಾಗಿ ಅನುಮತಿ ಕೊಟ್ಟ. ಅವನು ಬಿಟ್ಟ ಬರಿದಾದ ಜಾಗಗಳನ್ನು ತುಂಬಲು ಜನ ಮುಂದೆ ಬಂದರು. 2004ರಿಂದ ಈ ಒಂದು ಮಾಲೆಗಾಗಿಯೇ ‘ರೇತಾಯ್‌ಸಾಯ್’ ಎಂಬ ಪ್ರತ್ಯೇಕ ಮೇಳ ನಡೆದುಬಂದಿದೆ. 1998ರ ಆಟವೊಂದರ ‘ಬ್ಯಾಡ್ ಆ್ಯಪಲ್’ ಎಂಬ ರಾಗವನ್ನು 2007ರಲ್ಲಿ ಬೇರೆ ತಂಡವೊಂದು ಹಾಡಾಗಿಸಿತು; 2009ರಲ್ಲಿ ಆ ಹಾಡಿಗೆ ಮತ್ತೆ ಯಾರೋ ಕಪ್ಪುಬಿಳುಪಿನ ನೆರಳುಚಿತ್ರವನ್ನು ಹೊಂದಿಸಿದರು. ಆಟವನ್ನು ಎಂದೂ ಮುಟ್ಟದವರೂ ಅದನ್ನು ನೋಡಿ ಆನಂದಿಸಿದ್ದಾರೆ. ಎಲ್ಲವನ್ನೂ ತಾನೇ ಹೇಳಿ ಮುಗಿಸುವ ಶ್ರೀಮಂತ ಕಂಪನಿಗಳ ಆಟಗಳಲ್ಲಿ ಇಂಥ ಸಹೃದಯ ಸೃಷ್ಟಿಗೆ ಎಡೆ ಎಲ್ಲಿ?

ಕೊನೆಯದಾಗಿ ಮನೆಯ ಹಿರಿಯರಿಗೆ ಎರಡು ಮಾತು. ಈ ಆಟಕ್ಕೂ ಮಿತಿ ಬೇಕು. ‘ಇನ್ನೊಂದೇ ಸಲ’ ಎಂಬ ಮಾತಿಗೆ ಇದರಲ್ಲಿ ಕೊನೆಯಿಲ್ಲ. ಕಣ್ಣು ಉರಿಯುತ್ತದೆ, ಮಣಿಕಟ್ಟು ನೋಯುತ್ತದೆ, ನಾಳೆಯ ಪಾಠ ಹಾಗೇ ಉಳಿಯುತ್ತದೆ. ಗಡಿಯಾರ ನೋಡಿ ಏಳಿಸುವುದು ನಿಮ್ಮ ಹಕ್ಕು. ಆದರೆ ಏಳಿಸುವ ಮುನ್ನ ಹತ್ತು ನಿಮಿಷ ಪಕ್ಕದಲ್ಲಿ ಕುಳಿತು ನೋಡಿ. ಪರೀಕ್ಷೆಯಲ್ಲಿ ಎರಡು ಅಂಕ ಕಡಿಮೆಯಾದರೆ ಮುಖ ತೋರಿಸಲು ಅಂಜುವ ಹುಡುಗ ಇಲ್ಲಿ ಒಂದೇ ಸಂಜೆ ಮೂವತ್ತು ಬಾರಿ ಸೋಲುತ್ತಾನೆ; ಮೂವತ್ತೊಂದನೆಯ ಬಾರಿಗೆ ನಗುತ್ತ ಕೂಡುತ್ತಾನೆ. ಸೋತದ್ದಕ್ಕಾಗಿ ಇಲ್ಲಿ ಅವನನ್ನು ಗದರಿಸುವವರಿಲ್ಲ, ನೆರೆಮನೆಯ ಹುಡುಗನೊಡನೆ ಹೋಲಿಸುವವರಿಲ್ಲ. ಎಲ್ಲಿ ತಪ್ಪಿತೆಂದು ತಾನೇ ನೋಡಿಕೊಂಡು, ತಾನೇ ತಿದ್ದಿಕೊಳ್ಳುತ್ತಾನೆ. ಆ ಧೈರ್ಯ ಪುಸ್ತಕದ ಮುಂದೆ ಕುಳಿತಾಗ ಅವನಿಗೆ ಏಕೆ ಬರುವುದಿಲ್ಲವೆಂಬುದನ್ನು ಅವನೊಬ್ಬನನ್ನೇ ಕೇಳಿದರೆ ಸಾಲದು. ನಾವು ಅಧ್ಯಾಪಕರೂ ತಂದೆತಾಯಿಗಳೂ ಒಟ್ಟಿಗೆ ಕುಳಿತು ಉತ್ತರ ಹುಡುಕಬೇಕಾಗಿದೆ.