ರಕ್ತ ಕೊಡೋರು ನಾವು, ಪ್ರಶ್ನೆ ಕೇಳೋರು ಯಾರು?



ಕಲಬುರಗಿಯಲ್ಲಿ 1980ರಿಂದ ವಿಶ್ವವಿದ್ಯಾಲಯ ಇದೆ. ನಮ್ಮ ಹುಡುಗ ಹುಡುಗಿಯರು ಎಂ.ಎಸ್ಸಿ. ಮಾಡ್ತಾರೆ, ಕೆಲವರು ಪಿಎಚ್.ಡಿ.ಯನ್ನೂ ಮುಗಿಸ್ತಾರೆ. ಅಲ್ಲಿಗೆ ಓದು ಮುಗೀತು ಅಂತ ತಿಳೀತಾರೆ. ಮುಗಿದಿಲ್ಲ. ಅದರ ಮೇಲೆ ಪೋಸ್ಟ್ ಡಾಕ್ಟರಲ್ ಎಂಬ ಮೆಟ್ಟಿಲಿದೆ. ಎರಡು ಮೂರು ವರ್ಷ ಫೆಲೋಶಿಪ್ ಪಡೆದು, ಗುರು ಕೊಟ್ಟ ಪ್ರಶ್ನೆ ಬಿಟ್ಟು ತನ್ನದೇ ಪ್ರಶ್ನೆ ಹಿಡಿಯೋದನ್ನು ಕಲಿಯುವ ಕಾಲ ಅದು.

ಯಾವ ವಿಷಯದಲ್ಲಿ? ಅನ್ನದ ವಿಷಯದಲ್ಲಿ ಅಂತೀವಿ ನಾವು. ತಿಂದದ್ದು ಮೈಯೊಳಗೆ ಏನಾಗ್ತದೆ, ಹಾರ್ಮೋನು ಅದನ್ನು ಹೇಗೆ ನಡೆಸ್ತದೆ, ಸಕ್ಕರೆ ಕಾಯಿಲೆ ಯಾಕೆ ಬರ್ತದೆ? ಇದು ಹಸಿವು ಕಂಡವರ ಶಾಸ್ತ್ರ ಆಗಬೇಕಿತ್ತು.

ಕಮಲಾಪುರ, ಹುಮನಾಬಾದ್ ದಾಟಿ ಹೋದರೆ ಹೈದರಾಬಾದ್. ರಾಷ್ಟ್ರೀಯ ಪೋಷಣಾ ಸಂಸ್ಥೆ ಇರೋದು ಅಲ್ಲೇ. ಜೋಳವನ್ನೇ ನಂಬಿದ ದಖ್ಖನಿನ ಬಡವರಿಗೆ ಪೆಲ್ಲಾಗ್ರ ಬರ್ತಿತ್ತು. ಬಿಸಿಲು ಬಿದ್ದ ಕಡೆ ಚರ್ಮ ಕರ್ರಗಾಗಿ ಸುಲೀತಿತ್ತು, ಭೇದಿ ಹತ್ತುತ್ತಿತ್ತು, ಬುದ್ಧಿ ಕದಡುತ್ತಿತ್ತು. ಜೋಳದಲ್ಲಿ ಲ್ಯೂಸಿನ್ ಹೆಚ್ಚಿರೋದೇ ಕಾರಣ ಎಂದು ಅಲ್ಲಿನ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ 1960ರಲ್ಲಿ ಬರೆದರು. ಆಮೇಲೆ ಅದಕ್ಕೆ ತಕರಾರೂ ಎದ್ದವು. ಏಳಲಿ, ವಿಜ್ಞಾನ ಅಂದ್ರೆ ಅದೇ. ಆದರೆ ಬರೇ ಜೋಳ ತಿನ್ನೋ ಮನೆಗೆ ಹಾಲು, ಮಾಂಸ ಯಾಕೆ ಬರಲಿಲ್ಲ? ತೊಗರಿ ಕಣಜ ಅನ್ನಿಸಿಕೊಂಡ ಜಿಲ್ಲೆಯಲ್ಲಿ ಕಳೆ ತೆಗೆದವರ ತಟ್ಟೆಯ ಬ್ಯಾಳಿ ಯಾಕೆ ನೀರು ನೀರು? ಲ್ಯೂಸಿನ್ನಿನ ಲೆಕ್ಕದ ಜೊತೆ ಕೂಲಿಯ ಲೆಕ್ಕವನ್ನೂ ಕೇಳೋರು ಆ ಮನೆಯಿಂದಲೇ ಬರಬೇಕು.

ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ ಬರೆದಿಟ್ಟಿದ್ದರು. ಆ ಹಳೇ ದಾಖಲೆ ಹಿಡಿದು, ದೊಡ್ಡವರಾದ ಕೂಸುಗಳನ್ನು ಹುಡುಕಿ, ಹುಟ್ಟಿದಾಗಿನ ಮೈಗೂ ಸಕ್ಕರೆ ಕಾಯಿಲೆಗೂ ಇರುವ ನಂಟನ್ನು ಸಂಶೋಧಕರು 1998ರಲ್ಲಿ ಪ್ರಕಟಿಸಿದರು. ಕಮಲಾಪುರದ ಅಂಗನವಾಡಿಯಲ್ಲೂ ಕೂಸುಗಳನ್ನು ತೂಗಿ ಬರೀತಾರೆ. ಆ ರಿಜಿಸ್ಟರನ್ನು ಹಾಗೆ ಓದೋರು ಯಾರು? ನಮ್ಮವರು ರಕ್ತ ಕೊಟ್ಟು, ತೂಕ ಕೊಟ್ಟು ಬರೇ ಸ್ಯಾಂಪಲ್ ಆಗಿ ಉಳಿಯಬೇಕೆ?

ಪಿಎಚ್.ಡಿ. ಆದವನಿಗೆ ಮನೆಯಲ್ಲಿ ಸಾಲ ಕಾದಿರ್ತದೆ. ಸಿಕ್ಕ ನೌಕರಿ ಹಿಡೀತಾನೆ. ಅದು ಅವನ ತಪ್ಪಲ್ಲ. ಫೆಲೋಶಿಪ್ ದುಡ್ಡು ಆರು ತಿಂಗಳು ತಡವಾದರೆ ಉಳ್ಳವರ ಮಕ್ಕಳು ತಡೀತಾರೆ, ನಮ್ಮವರು ಊರಿಗೆ ವಾಪಸ್. ಅದಕ್ಕೇ ಸೀಟು ಕೇಳಿದಷ್ಟೇ ಗಟ್ಟಿಯಾಗಿ, ದುಡ್ಡು ತಿಂಗಳು ತಿಂಗಳು ಬರಲಿ ಅಂತಲೂ ಕೇಳಬೇಕು.

ಜೀವರಸಾಯನ ಓದಿದ ಅಣ್ಣ ಅಕ್ಕಂದಿರನ್ನು ಈ ವಾರವೇ ಹಾಸ್ಟೆಲಿಗೆ ಕರೀರಿ. ಅರ್ಜಿ ಬರೆಯೋದು ಹ್ಯಾಂಗ ಅಂತ ಕೇಳ್ರಿ. ಈಗ ಬಿ.ಎಸ್ಸಿ. ಓದೋರೂ ಕೂತು ಕೇಳಲಿ.