ರವಿವಾರ ಎಲ್ಲರದಾಗಲಿ

ಮಂಗಳೂರು, ಉಡುಪಿಗಳ ಕಡೆಯಿಂದ ಬಂದವರು ಅದನ್ನು ಆದಿತ್ಯವಾರವೆನ್ನುತ್ತಾರೆ. ಧಾರವಾಡ, ವಿಜಾಪುರಗಳ ಕಡೆಯವರು ರವಿವಾರವೆಂದೂ ಐತವಾರವೆಂದೂ ಕರೆಯುತ್ತಾರೆ. ಮೈಸೂರಿನ ಕಡೆಯವರಿಗೆ ಅದೇ ಭಾನುವಾರ. ಹೆಸರು ಯಾವುದಾದರೇನು? ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ವಾರವಿಡೀ ಹಾದಿ ಕಾಯುವ ದಿನ ಅದೊಂದೇ. ಉಳಿದ ದಿನಗಳಲ್ಲಿ ತಂದೆಯು ಲೋಕಲ್ ಗಾಡಿ ಹಿಡಿಯಲು ಹೊರಡುವಾಗ ಮನೆಯ ಚಿಕ್ಕ ಮಗು ಇನ್ನೂ ಎದ್ದಿರುವುದಿಲ್ಲ. ಆತನು ಮರಳುವಷ್ಟರಲ್ಲಿ ಅದು ಪುನಃ ಮಲಗಿಬಿಟ್ಟಿರುತ್ತದೆ. ತನ್ನ ಮಗುವಿನ ನಿದ್ದೆಯ ಮುಖವನ್ನೇ ಹೆಚ್ಚಾಗಿ ಕಾಣುವ ತಂದೆಯಂದಿರು ಈ ಮಹಾನಗರದಲ್ಲಿ ಅದೆಷ್ಟು ಮಂದಿಯೋ! ತಾಯಿಯೂ ಹೊರಗೆ ದುಡಿಯುವ ಮನೆಗಳಲ್ಲಂತೂ ಮಗುವಿಗೆ ಇಬ್ಬರೂ ಒಟ್ಟಿಗೆ ದೊರೆಯುವುದು ಆ ಒಂದೇ ದಿನ.

ಆದುದರಿಂದ ರವಿವಾರವನ್ನು ಹೇಗೆ ಕಳೆಯಬೇಕೆಂಬುದು ಕ್ಷುಲ್ಲಕವಾದ ಪ್ರಶ್ನೆಯಲ್ಲ. ಪ್ರಿಯ ವಿದ್ಯಾರ್ಥಿಗಳೇ, ಈ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಯವರೆಲ್ಲರೂ ಕೂಡಿ ಹೊರಗೆ ಹೋಗುವುದು ಒಳ್ಳೆಯದು, ಅವಶ್ಯವೂ ಹೌದು. ಆದರೆ ಮನೆಯ ಅತ್ಯಂತ ಚಿಕ್ಕ ಮಗುವಿಗೆ ಆನಂದವನ್ನೂ, ಮನೆಯ ತಾಯಿಗೆ ವಿಶ್ರಾಂತಿಯನ್ನೂ ಕೊಡದ ವಿಹಾರವು ವಿಹಾರವೆನ್ನಿಸಿಕೊಳ್ಳಲು ಅರ್ಹವಲ್ಲ. ಅದನ್ನು ನಿಜವಾದ ವಿಹಾರವನ್ನಾಗಿ ಮಾಡುವ ಶಕ್ತಿಯು ಮನೆಯ ಹಿರಿಯ ಮಕ್ಕಳಾದ ನಿಮ್ಮ ಕೈಯಲ್ಲಿದೆ.

ಈ ರಜೆಯು ಪಂಚಾಂಗದಿಂದ ತಾನಾಗಿ ಉದುರಿ ಬಂದುದಲ್ಲವೆಂಬುದನ್ನು ನಮ್ಮಲ್ಲಿ ಅನೇಕರು ಅರಿಯರು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಈ ಊರಿನ ಹತ್ತಿಗಿರಣಿಗಳಲ್ಲಿ ದುಡಿಯುತ್ತಿದ್ದ ಕಾರ್ಮಿಕರಿಗೆ ವಾರಕ್ಕೊಂದು ನಿಶ್ಚಿತವಾದ ಬಿಡುವೆಂಬುದಿರಲಿಲ್ಲ. ಬೆಳಗಿನಿಂದ ಕತ್ತಲಾಗುವವರೆಗೆ ಯಂತ್ರದ ಮುಂದೆ ನಿಲ್ಲುವುದೇ ಅವರ ಬಾಳಾಗಿತ್ತು. ಮಹಾತ್ಮಾ ಜೋತಿಬಾ ಫುಲೆಯವರ ಅನುಯಾಯಿಗಳಾಗಿದ್ದ ನಾರಾಯಣ ಮೇಘಾಜಿ ಲೋಖಂಡೆಯವರು 1884ರಲ್ಲಿ ಗಿರಣಿ ಕಾರ್ಮಿಕರನ್ನು ಒಟ್ಟುಗೂಡಿಸಿ, ವಾರಕ್ಕೊಮ್ಮೆ ರವಿವಾರದಂದು ಎಲ್ಲರಿಗೂ ಪೂರ್ಣ ಬಿಡುವು ದೊರೆಯಬೇಕೆಂಬ ಬೇಡಿಕೆಯನ್ನು ಮುಂದಿಟ್ಟರು. ರವಿವಾರವು ಖಂಡೋಬನ ವಾರವೆಂಬುದೂ ಕಾರ್ಮಿಕರ ಮನಸ್ಸಿನಲ್ಲಿತ್ತು. ಆ ಖಂಡೋಬನೇ ನಮ್ಮ ಕನ್ನಡನಾಡಿನ ಮೈಲಾರಲಿಂಗ. ಆರು ವರ್ಷಗಳ ತರುವಾಯ, 1890ರ ಜೂನ್ 10ರಂದು, ಗಿರಣಿಗಳ ಮಾಲಕರು ಆ ಬೇಡಿಕೆಗೆ ಒಪ್ಪಿದರು. 1891ರ ಕಾರ್ಖಾನೆ ಕಾಯದೆಯು ವಾರದ ರಜೆಗೆ ಶಾಸನದ ಬಲವನ್ನು ಕೊಟ್ಟಿತು. ನಾವು ಹಾಸಿಗೆಯಲ್ಲಿ ಹೊರಳುತ್ತ ಕಳೆಯುವ ಮುಂಜಾವು ಇತರರು ಬೆವರು ಸುರಿಸಿ ಗಳಿಸಿಕೊಟ್ಟುದೆಂಬ ನೆನಪು ನಮಗಿರಬೇಕು.

ಆ ಗಿರಣಿಗಳಲ್ಲಿ ಬಹಳಷ್ಟು 1982ರ ದೊಡ್ಡ ಮುಷ್ಕರದ ತರುವಾಯ ಒಂದೊಂದಾಗಿ ಮುಚ್ಚಿಹೋದವು. ಚಿಮಣಿಗಳಿದ್ದ ನೆಲದಲ್ಲಿ ಕೆಲವೆಡೆ ಇಂದು ಥಳಥಳಿಸುವ ಮಾಲ್‌ಗಳು ಎದ್ದು ನಿಂತಿವೆ. ರವಿವಾರದ ಸಂಜೆ ಅಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ತಂಪಾದ ಗಾಳಿಗಾಗಿ ಹೋಗಿ ಬರುವುದು ತಪ್ಪೆಂದು ನಾನು ಹೇಳಲಾರೆ. ಆದರೆ ಅಲ್ಲಿ ಮಗುವಿನ ಕಣ್ಣಿಗೆ ಬೀಳುವುದೆಲ್ಲ ಮಾರಾಟದ ವಸ್ತು. ಅದು ಕಲಿಯುವ ಮೊದಲ ಪಾಠವೆಂದರೆ ‘ನನಗದು ಬೇಕು’ ಎಂಬುದು. ತಂದೆಯು ಕೊಡುವ ಉತ್ತರ ‘ಮುಂದಿನ ತಿಂಗಳು ನೋಡೋಣ’ ಎಂಬುದು. ಬೇಡುವುದು, ಇಲ್ಲವೆನ್ನುವುದು ಇವೆರಡರಲ್ಲಿಯೇ ಸಂಜೆ ಮುಗಿದರೆ ಮನೆಯವರು ಒಟ್ಟಿಗಿದ್ದುದರ ಫಲವೇನು?

ಇನ್ನು ತಾಯಿಯ ರವಿವಾರವನ್ನು ನೋಡಿರಿ. ಅಂದು ಮನೆಯವರೆಲ್ಲರೂ ತಡವಾಗಿ ಏಳುತ್ತಾರೆ. ತಾಯಿ ಮಾತ್ರ ಎಂದಿನ ಹೊತ್ತಿಗೇ ಏಳುತ್ತಾಳೆ. ರಜೆಯ ದಿನವಾದುದರಿಂದ ಉಪ್ಪಿಟ್ಟು ಸಾಲದು, ದೋಸೆಯೇ ಆಗಬೇಕು. ವಾರದ ಬಟ್ಟೆಗಳು ಅಂದೇ ಒಗೆಯಬೇಕು. ನೆಂಟರು ಅಂದೇ ಬರಬೇಕು. ಹೊರಗೆ ಹೋಗುವುದೆಂದು ಗೊತ್ತಾದೊಡನೆ ಆಕೆಯ ಕೆಲಸ ಇಮ್ಮಡಿಯಾಗುತ್ತದೆ. ಚಿತ್ರಾನ್ನವನ್ನು ಕಲಸಿ ಡಬ್ಬಿಗೆ ತುಂಬುವವಳು ಆಕೆ; ನೀರಿನ ಬಾಟಲಿ, ಮಗುವಿನ ಬದಲಿ ಬಟ್ಟೆ, ಟೋಪಿ, ಬಿಸ್ಕೀಟುಗಳನ್ನು ನೆನಪಿಟ್ಟು ಚೀಲಕ್ಕೆ ಹಾಕುವವಳು ಆಕೆ; ಗಾಡಿಯ ಗದ್ದಲದಲ್ಲಿ ಮಗುವನ್ನು ಎತ್ತಿಕೊಂಡು ನಿಲ್ಲುವವಳೂ ಆಕೆಯೇ. ಎಲ್ಲರೂ ದಣಿದು ಮರಳಿ ಕಾಲು ಚಾಚಿದಾಗ ‘ಇಂದು ರಾತ್ರಿ ಊಟಕ್ಕೇನು?’ ಎಂಬ ಪ್ರಶ್ನೆ ಮತ್ತೆ ಆಕೆಯ ಕಡೆಗೇ ಬರುತ್ತದೆ. ಗಿರಣಿಯ ಮಾತಿನಲ್ಲಿ ಹೇಳುವುದಾದರೆ, ಅಂದು ಎಲ್ಲರಿಗೂ ರಜೆ, ತಾಯಿಗೆ ಎರಡು ಪಾಳಿ. ಲೋಖಂಡೆಯವರು ಕಾರ್ಮಿಕರಿಗೆ ದೊರಕಿಸಿಕೊಟ್ಟ ದಿನವು ನಮ್ಮ ಅಡಿಗೆಮನೆಗಳ ಹೊಸ್ತಿಲನ್ನು ಇನ್ನೂ ದಾಟಿ ಒಳಗೆ ಬಂದಿಲ್ಲ.

ಚಿಕ್ಕ ಮಗುವಿನ ಪಾಡೂ ವಿಚಾರ ಮಾಡತಕ್ಕುದೇ. ದೊಡ್ಡವರು ವಿಹಾರವನ್ನು ಯುದ್ಧಯಾತ್ರೆಯಂತೆ ಯೋಜಿಸುತ್ತಾರೆ. ಬೆಳಿಗ್ಗೆ ಗೇಟ್‌ವೇ, ಮಧ್ಯಾಹ್ನ ವಸ್ತುಸಂಗ್ರಹಾಲಯ, ಸಂಜೆ ಚೌಪಾಟಿ. ಬಂದ ಹಣ ಹುಟ್ಟಬೇಕಲ್ಲವೆ? ಎರಡನೆಯ ಸ್ಥಳಕ್ಕೆ ಬರುವಷ್ಟರಲ್ಲಿ ನಾಲ್ಕು ವರ್ಷದ ಮಗು ಅಳಲಾರಂಭಿಸುತ್ತದೆ. ಮೂರನೆಯ ಸ್ಥಳದಲ್ಲಿ ಪೆಟ್ಟು ತಿನ್ನುತ್ತದೆ. ಮಗುವಿನ ಹೆಜ್ಜೆ ಚಿಕ್ಕದು; ಅದರ ನೋಟವೂ ಬೇರೆ. ಭಾಯಖಳಾದ ರಾಣಿಬಾಗಿನಲ್ಲಿ ಪೆಂಗ್ವಿನ್‌ಗಳನ್ನು ತೋರಿಸಲೆಂದು ಕರೆದೊಯ್ದರೆ, ಅದು ನಲ್ಲಿಯ ಕೆಳಗೆ ನೀರು ಕುಡಿಯುವ ಕಾಗೆಯನ್ನು ನೋಡುತ್ತ ನಿಂತುಬಿಡುತ್ತದೆ. ‘ಬಾ, ಬಾ, ಹೊತ್ತಾಯಿತು’ ಎಂದು ನಾವು ರಟ್ಟೆ ಹಿಡಿದು ಎಳೆಯುತ್ತೇವೆ. ಹೊತ್ತಾದುದು ಯಾರಿಗೆ? ಕಾಗೆಯನ್ನು ಕಣ್ತುಂಬ ನೋಡಿದ ಮಗುವಿನ ರವಿವಾರವು ಸಾರ್ಥಕವಾಯಿತೆಂದೇ ನನ್ನ ಎಣಿಕೆ.

ಮಕ್ಕಳ ಜೊತೆ ಅವರ ಹೆಜ್ಜೆಗೆ ಹೆಜ್ಜೆ ಹಾಕುವುದು ಹೆಂಗಸರ ಕೆಲಸವೆಂದು ತಿಳಿಯಬೇಡಿರಿ. ಗುಜರಾತಿನ ಗಿಜುಭಾಯಿ ಬಧೇಕಾ ಅವರು ವಕೀಲಿ ವೃತ್ತಿಯನ್ನು ತೊರೆದು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದರು; ಚಿಕ್ಕ ಮಕ್ಕಳನ್ನು ಹೆದರಿಸದೆ, ಹೊಡೆಯದೆ, ಕಥೆ ಹೇಳಿ, ಆಟವಾಡಿಸಿ, ಹೊರಗೆ ಸುತ್ತಾಡಿಸಿ ಕಲಿಸಿದರು. ಜನರು ಪ್ರೀತಿಯಿಂದ ಅವರನ್ನು ‘ಮೀಸೆಯ ತಾಯಿ’ ಎಂದು ಕರೆದರು. ನಮ್ಮ ಪ್ರತಿಯೊಂದು ಮನೆಯಲ್ಲಿಯೂ ವಾರಕ್ಕೊಂದು ದಿನವಾದರೂ ಒಬ್ಬ ಮೀಸೆಯ ತಾಯಿ ಇರಲಿ. ಮೀಸೆ ಇನ್ನೂ ಚಿಗುರದ ಅಣ್ಣನಾದರೂ ಆದೀತು.

ಹಾಗಾದರೆ ಎಲ್ಲಿಗೆ ಹೋಗಬೇಕು? ಹತ್ತಿರದ ಒಂದೇ ಸ್ಥಳಕ್ಕೆ, ಸ್ವಲ್ಪ ಹೊತ್ತಿಗೆ. ಇದೇ ನನ್ನ ಸೂತ್ರ. ನೂರೈವತ್ತು ವರ್ಷಗಳಿಗೂ ಮಿಕ್ಕಿದ ಪ್ರಾಯದ ರಾಣಿಬಾಗಿನ ಒಂದು ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಘಾರಾಪುರಿ ದ್ವೀಪದ ಗುಹೆಗಳನ್ನು ನೋಡಲು ಲಾಂಚಿನಲ್ಲಿ ಸುಮಾರು ಒಂದು ಗಂಟೆ ಪ್ರಯಾಣ ಮಾಡಿ, ಬಳಿಕ ನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಏರಬೇಕು. ಕಂಕುಳ ಕೂಸಿರುವ ತಾಯಿಗೆ ಇದು ಸುಲಭವಲ್ಲ. ಆದರೆ ಯಾವ ಕಲ್ಲಾನೆಯನ್ನು ಕಂಡು ಪೋರ್ತುಗೀಜರು ಆ ದ್ವೀಪಕ್ಕೆ ಎಲಿಫೆಂಟಾ ಎಂದು ಹೆಸರಿಟ್ಟರೋ, ಆ ಆನೆಯೇ ಇಂದು ರಾಣಿಬಾಗಿನ ಆವರಣದಲ್ಲಿ, ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯದ ಬಳಿ ನಿಂತಿದೆ. 1864ರಲ್ಲಿ ಅದನ್ನು ವಿಲಾಯತಿಗೆ ಸಾಗಿಸಲು ಯತ್ನಿಸಿದಾಗ ಅದು ಮುರಿದುಬಿದ್ದಿತು. 1914ರಲ್ಲಿ ತುಂಡುಗಳನ್ನು ಮತ್ತೆ ಜೋಡಿಸಿ ನಿಲ್ಲಿಸಿದರು. ಮುರಿದರೂ ಎದ್ದುನಿಂತ ಆನೆಯ ಕಥೆಗಿಂತ ಮಿಗಿಲಾದ ಕಥೆ ಐದು ವರ್ಷದ ತಂಗಿಗೆ ಬೇಕೆ? ಅದನ್ನು ಹೇಳತಕ್ಕವರು ನೀವು.

ತುಸು ದೊಡ್ಡ ಮಕ್ಕಳಿದ್ದರೆ ಬೊರಿವಲಿಯ ರಾಷ್ಟ್ರೀಯ ಉದ್ಯಾನದೊಳಗಿನ ಕಾನ್ಹೇರಿಗೆ ಹೋಗಬಹುದು. ಬೌದ್ಧ ಭಿಕ್ಷುಗಳು ಶತಮಾನಗಳ ಕಾಲ ವಾಸವಾಗಿದ್ದ ನೂರಕ್ಕೂ ಮಿಕ್ಕಿದ ಗುಹೆಗಳು ಅಲ್ಲಿವೆ. ಮಳೆಯ ನೀರನ್ನು ಹಿಡಿದಿಡಲು ಬಂಡೆಯಲ್ಲಿ ಕೊರೆದ ತೊಟ್ಟಿಗಳಿವೆ. ಅಲ್ಲಿನ ಒಂಬತ್ತನೆಯ ಶತಮಾನದ ಶಾಸನಗಳು ಕೊಂಕಣವನ್ನಾಳುತ್ತಿದ್ದ ಶಿಲಾಹಾರರ ಸಾರ್ವಭೌಮನೆಂದು ರಾಷ್ಟ್ರಕೂಟ ಅಮೋಘವರ್ಷನನ್ನು ಹೆಸರಿಸುತ್ತವೆ. ನೀವು ತರಗತಿಯಲ್ಲಿ ‘ಕವಿರಾಜಮಾರ್ಗ’ದ ಸಂಬಂಧವಾಗಿ ಯಾವ ನೃಪತುಂಗನ ಹೆಸರನ್ನು ಓದಿದ್ದೀರೋ ಆತನೇ ಈ ಅಮೋಘವರ್ಷ. ದೇಶ ಸುತ್ತು, ಕೋಶ ಓದು ಎಂದು ಹಿರಿಯರು ಹೇಳಿದರು. ಇಲ್ಲಿ ಲೋಕಲ್ ಗಾಡಿಯ ಟಿಕೆಟಿನಲ್ಲಿ ಎರಡೂ ಆಗುತ್ತವೆ.

ಇದಾವುದೂ ಕೂಡದಿದ್ದರೆ ಕಡಲಿದೆ. ಒಂದೇ ಖೋಲಿಯ ಮನೆಯಲ್ಲಿ ಬೆಳೆಯುವ ಮಗುವಿಗೆ ಅಡೆತಡೆಯಿಲ್ಲದೆ ಓಡಲು ಜಾಗವೇ ಇಲ್ಲ. ಗಿರಗಾಂವ, ಜುಹೂ ತೀರಗಳ ಮಳಲು ಅದಕ್ಕೆ ದೊರೆಯುವ ಅತಿ ದೊಡ್ಡ ಅಂಗಳ. ಅಲ್ಲಿ ಕನ್ನಡಕ್ಕೂ ಒಂದು ಲಾಭವಿದೆ. ಮನೆಯೊಳಗೆ ಮಗು ಕೇಳುವ ಕನ್ನಡವೆಂದರೆ ಉಣ್ಣು, ಮಲಗು, ಗಲಾಟೆ ಮಾಡಬೇಡ ಎಂಬಷ್ಟೇ. ಹೊರಗಿನ ಜಗತ್ತನ್ನು ಅದು ಮರಾಠಿ, ಹಿಂದಿಗಳಲ್ಲಿ ಕಲಿಯುತ್ತದೆ. ಆ ಭಾಷೆಗಳೂ ನಮ್ಮವೇ, ಅವು ಬರಲಿ. ಆದರೆ ತೆರೆ, ನೊರೆ, ಚಿಪ್ಪು, ಏಡಿ, ಭರತ, ಇಳಿತ, ಮುಸ್ಸಂಜೆ ಎಂಬ ಮಾತುಗಳನ್ನು ಕಡಲನ್ನು ತೋರಿಸುತ್ತ ಕಲಿಸಿದರೆ ಅವು ಮರೆಯಲಾರವು. ಪಾಠಶಾಲೆಯ ಕನ್ನಡಕ್ಕೆ ಇದಕ್ಕಿಂತ ಉತ್ತಮವಾದ ಅಡಿಪಾಯವಿಲ್ಲ. ಮಳೆಗಾಲದಲ್ಲಿ ಮಾತ್ರ ದೂರದಿಂದಲೇ ನೋಡಿರಿ; ಆಗಿನ ತೆರೆಗಳಿಗೆ ಚಿಕ್ಕವರು ದೊಡ್ಡವರೆಂಬ ಭೇದವಿಲ್ಲ.

ಇದಕ್ಕೆ ಆಕ್ಷೇಪಣೆಗಳು ಬರುವುವೆಂದು ಬಲ್ಲೆ. ವಾರವೆಲ್ಲ ದುಡಿದ ತಂದೆಗೆ ಒಂದು ದಿನ ನಿದ್ದೆ ಬೇಡವೆ? ಖಂಡಿತ ಬೇಕು. ಮಧ್ಯಾಹ್ನದವರೆಗೂ ಆತನು ಮಲಗಲಿ. ಸಂಜೆಯ ಎರಡು ಗಂಟೆ ಸಾಕು. ಪರೀಕ್ಷೆಯ ಓದು ಕೆಡುವುದಿಲ್ಲವೆ? ಎರಡು ಗಂಟೆಯಲ್ಲಿ ಕೆಡುವ ಓದು ಹಿಂದಿನ ಆರು ದಿನಗಳಲ್ಲಿಯೇ ಕೆಟ್ಟಿರಬೇಕು. ಖರ್ಚು? ಐದು ವರ್ಷದೊಳಗಿನ ಮಗುವಿಗೆ ಲೋಕಲ್ ಗಾಡಿಯಲ್ಲಿ ಟಿಕೆಟೇ ಇಲ್ಲ, ಐದರಿಂದ ಹನ್ನೆರಡರವರೆಗೆ ಅರ್ಧ ಟಿಕೆಟು, ಕಡಲತೀರಕ್ಕಂತೂ ಪ್ರವೇಶಧನವಿಲ್ಲ. ರವಿವಾರದ ಮೆಗಾಬ್ಲಾಕ್ ಯಾವ ಮಾರ್ಗದಲ್ಲಿದೆಯೆಂದು ಮುಂಚಿತವಾಗಿ ನೋಡಿಕೊಂಡರೆ ನಿಲ್ದಾಣದಲ್ಲಿ ಬೇಯುವುದೂ ತಪ್ಪುತ್ತದೆ.

ಆದರೆ ಒಂದು ಆಕ್ಷೇಪಣೆಗೆ ನಾನು ತಲೆಬಾಗುತ್ತೇನೆ. ನಮ್ಮವರಲ್ಲಿ ಅನೇಕರು ಹೋಟೆಲುಗಳಲ್ಲಿಯೂ ಅಂಗಡಿಗಳಲ್ಲಿಯೂ ದುಡಿಯುವವರು. ಊರಿಗೆಲ್ಲ ರಜೆಯಿರುವ ದಿನವೇ ಅವರಿಗೆ ಉಸಿರಾಡಲು ಪುರುಸೊತ್ತಿಲ್ಲ. ಅವರ ಮನೆಗಳಲ್ಲಿ ತಂದೆಯ ಬಿಡುವು ಯಾವ ದಿನವೋ ಅದೇ ರವಿವಾರವಾಗಲಿ. ಮಂಗಳವಾರ ಶಾಲೆ ಬಿಟ್ಟ ಮೇಲೆ ಹತ್ತಿರದ ಮೈದಾನಕ್ಕೆ ಎಲ್ಲರೂ ಒಟ್ಟಿಗೆ ನಡೆದುಹೋದರೂ ಅದು ವಿಹಾರವೇ. ರಾಣಿಬಾಗಿಗೆ ಬುಧವಾರ ರಜೆ, ಘಾರಾಪುರಿಗೆ ಸೋಮವಾರ ರಜೆ ಎಂಬುದನ್ನಷ್ಟು ನೆನಪಿಡಿರಿ. ಕಡಲಿಗೆ ಯಾವ ದಿನವೂ ರಜೆಯಿಲ್ಲ. ರವಿವಾರ ನೀವು ಹೋಟೆಲಿನಲ್ಲಿ ಕುಳಿತಾಗ ಚಹಾ ತಂದಿಡುವ ಹುಡುಗನೂ ಯಾರದೋ ಮನೆಯ ಅಣ್ಣನೆಂದು ತಿಳಿದು ಆತನೊಡನೆ ಸೌಜನ್ಯದಿಂದ ಮಾತನಾಡಿರಿ. ಹಗಲು ಹಾಗೆ ದುಡಿದು ರಾತ್ರಿಶಾಲೆಗಳಲ್ಲಿ ಓದಿ ಮುಂದೆ ಬಂದ ಕನ್ನಡಿಗರು ಈ ನಗರದಲ್ಲಿ ಬಹು ಮಂದಿ.

ಕೊನೆಯದಾಗಿ ನಿಮ್ಮ ಕರ್ತವ್ಯದ ಮಾತು. ಶನಿವಾರ ರಾತ್ರಿಯೇ ಚೀಲವನ್ನು ಸಿದ್ಧಪಡಿಸುವ ಭಾರ ನಿಮ್ಮದಾಗಲಿ. ಅವಲಕ್ಕಿ ಒಗ್ಗರಣೆ ಹಾಕಲು ಹುಡುಗರೂ ಕಲಿಯಲಿ. ಅದು ಬೀಜಗಣಿತಕ್ಕಿಂತ ಕಠಿಣವಲ್ಲ. ದಾರಿಯಲ್ಲಿ ತಮ್ಮನನ್ನೋ ತಂಗಿಯನ್ನೋ ನೀವು ಕೈಹಿಡಿದು ನಡೆಸಿರಿ. ಮೊಬೈಲು ಅಂಗಿಯ ಜೇಬಿನಲ್ಲಿರಲಿ; ಒಂದು ಚಿತ್ರ ತೆಗೆದರೆ ಸಾಕು. ತಾಯಿಯು ಮಳಲಿನ ಮೇಲೆ ಸುಮ್ಮನೆ ಕುಳಿತು ಕಡಲನ್ನು ನೋಡುವಂತೆ ಅರ್ಧಗಂಟೆ ಮಗುವನ್ನು ನೀವೇ ಆಡಿಸಿರಿ. ಮನೆಗೆ ಮರಳಿದ ಮೇಲೆ ‘ಊಟಕ್ಕೇನು?’ ಎಂದು ಕೇಳುವ ಬದಲು ಅಕ್ಕಿ ತೊಳೆದು ಒಲೆಯ ಮೇಲಿಡಿರಿ.

ಅಂದು ರಾತ್ರಿ ನಿಮ್ಮ ತಾಯಿ ಇತರರಿಗಿಂತ ಮೊದಲು ಮಲಗಿದರೆ, ನಿಮ್ಮ ಮನೆಗೆ ರವಿವಾರ ಬಂದಿತೆಂದು ತಿಳಿಯಿರಿ.