ಮೊದಲ ಪಾಲು
ಹಳೇ ಮೈಸೂರು ಸೀಮೆಯ ರೈತರು ಸುಗ್ಗಿಯ ಕಣದಲ್ಲಿ ರಾಗಿ ತೂರಿ ಗುಡ್ಡೆ ಹಾಕಿದ ಮೇಲೆ ಮೊದಲು ರಾಶಿಪೂಜೆ ಮಾಡುತ್ತಿದ್ದರು. ಅಳೆಯುವಾಗ ಮೊದಲ ಕೊಳಗವನ್ನು ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಸುತ್ತಿದ್ದರು. ಕಾಳು ಮನೆ ಸೇರುವ ಮುಂಚೆಯೇ ಕಮ್ಮಾರ, ಬಡಗಿ, ಮಡಿವಾಳರಿಗೆ ಅವರವರ ಕೆಲಸಕ್ಕೆ ಸಲ್ಲಬೇಕಾದ ಪಾಲು, ಅಂದರೆ ಆಯ, ಬೇಡಿ ಬಂದ ದಾಸಯ್ಯನಿಗೆ ಒಂದು ಮೊರ ಸಲ್ಲುತ್ತಿತ್ತು. ಆ ವ್ಯವಸ್ಥೆಯಲ್ಲಿ ಜಾತಿಯ ಮೇಲುಕೀಳಿತ್ತು, ದುಡಿದವರಿಗೆ ನ್ಯಾಯವಾದ ಪಾಲು ಸಿಗದಿದ್ದುದೂ ಉಂಟು. ಅದು ಮರಳಿ ಬರುವುದು ಬೇಡ. ಆದರೆ ಅಲ್ಲಿನ ಕ್ರಮದಲ್ಲೊಂದು ವಿವೇಕವಿದೆ: ಮೊದಲು ಕೈಮುಗಿಯುವುದು, ಆಮೇಲೆ ಕೊಡುವುದು, ಉಳಿದದ್ದನ್ನು ನೆಮ್ಮದಿಯಿಂದ ಉಣ್ಣುವುದು. ಮಳೆ, ಮಣ್ಣು, ಎತ್ತು, ಹತ್ತಾರು ಕೈ ಸೇರಿ ಆದ ಬೆಳೆ ಇದು ಎಂದು ಬಲ್ಲವನು ಕೊಡುವಾಗ ಬೀಗುವುದಿಲ್ಲ. ಇಂದು ನಮ್ಮಲ್ಲಿ ಬಹಳ ಜನರ ರಾಶಿ ಬ್ಯಾಂಕ್ ಖಾತೆಗೆ ಬಂದು ಬೀಳುವ ಸಂಬಳ. ತಿಂಗಳ ಕೊನೆಗೆ ಮಿಕ್ಕರೆ ಕೊಡೋಣ ಎಂದುಕೊಂಡರೆ ಮಿಗುವುದೇ ಇಲ್ಲ. ಬಂದ ದಿನವೇ ಒಂದು ಪಾಲು ಎತ್ತಿಡೋಣ, ಯಾರದೋ ಮಗಳ ಶಾಲೆ ಫೀಸಿಗೋ, ಯಾರದೋ ಔಷಧಿಗೋ. ಆಮೇಲೆ ಮಕ್ಕಳೊಂದಿಗೆ ಹಬ್ಬದೂಟಕ್ಕೆ ಕೂರಲು ಅಳುಕಬೇಕಿಲ್ಲ. ಇಲ್ಲದವರನ್ನು ನೆನೆದು ನಾವು ಉಪವಾಸ ಬಿದ್ದರೆ ಯಾರ ಹೊಟ್ಟೆಯೂ ತುಂಬದು. ಅಗುಳು ಚೆಲ್ಲದೆ ಉಂಡು, ಹಸಿದು ಬಂದವರಿಗೂ ಬಡಿಸಿದರೆ ಅನ್ನದ ಋಣ, ಜನರ ಋಣ ಎರಡೂ ತೀರುತ್ತವೆ.